ವಾಟ್ಸಾಪ್ ಗುಂಪುಗಳಿಂದ ಆನೆ ಸುದ್ದಿ ಹೆಕ್ಕುವ ಕಾವಲು ಫೋನ್: ಜೋಡಿಸುವ ಸಮಗ್ರ ಮಾರ್ಗದರ್ಶಿ

ಸಕಲೇಶಪುರ, ಆಲೂರು, ಬೇಲೂರು ಕಡೆ ತೋಟ ಇರುವವರ ಫೋನ್‌ನಲ್ಲಿ ವಾಟ್ಸಾಪ್ ಗುಂಪುಗಳಿಗೆ ಬರ ಇಲ್ಲ. ಊರಿನದ್ದು ಒಂದು, ಬೆಳೆಗಾರರದ್ದು ಒಂದು, ಆನೆ ಮಾಹಿತಿಗೆ ಅಂತ ಮಾಡಿದ್ದು ಇನ್ನೊಂದು. ಶುಭೋದಯದ ಹೂವು, ಮೆಣಸಿನ ರೇಟು, ಕರೆಂಟ್ ಹೋದ ದೂರು, ಇವುಗಳ ಮಧ್ಯೆ "ಶಾಲೆ ಹಿಂದೆ ಕಾಡಾನೆ ನಿಂತಿದೆ" ಅನ್ನುವ ಒಂದು ಸಾಲು ಬಂದು ಹೋಗಿರುತ್ತದೆ. ಆ ಸಾಲನ್ನು ಮಾತ್ರ ಹೆಕ್ಕಿ, ಜೋರಾಗಿ ಓದಿ ಹೇಳುವ ಹಾಗೆ ಹಳೆಯ ಆಂಡ್ರಾಯ್ಡ್ ಫೋನೊಂದನ್ನು ಜೋಡಿಸುವುದು ಹೇಗೆ ಅನ್ನುವುದೇ ಈ ಬರಹ.

ಜೋಡಿಸಿ ಸೋತವರ ದೂರು ಎರಡೇ ಬಗೆ. ಒಂದು, ಫೋನ್ ಬಾಯೇ ಬಿಡಲ್ಲ. ಇನ್ನೊಂದು, ಸುಮ್ನೆ ಬಡ್ಕೊಳ್ತಾನೇ ಇರುತ್ತೆ. ಮೊದಲನೆಯದಕ್ಕೆ ಕಾರಣ ಹೆಚ್ಚಾಗಿ ಫೋನಿನ ಸೆಟ್ಟಿಂಗ್. ಎರಡನೆಯದಕ್ಕೆ ಕಾರಣ ಪದಗಳ ಆಯ್ಕೆ. ಆಪ್ ಹಾಕುವುದು ಹತ್ತು ನಿಮಿಷದ ಕೆಲಸ. ಕನ್ನಡದ ಪದಗಳನ್ನು ಸರಿಯಾಗಿ ಆರಿಸುವುದಕ್ಕೆ ಒಂದು ಸಂಜೆ ಬೇಕು. ಆದರೆ ಎಲ್ಲರೂ ಸಮಯ ಕಳೆಯುವುದು ಆಪ್ ಮೇಲೆಯೇ.

ಶುರು ಮಾಡುವ ಮೊದಲು ಒಂದು ಮಾತು. ಈ ಫೋನ್ ಅರಣ್ಯ ಇಲಾಖೆಯ ಎಚ್ಚರಿಕೆಗೆ ಬದಲಿ ಅಲ್ಲ. ಗುಂಪಿನಲ್ಲಿ ಯಾರಾದರೂ ಬರೆದರೆ ಮಾತ್ರ ಇದಕ್ಕೆ ಗೊತ್ತಾಗುತ್ತದೆ. ಫೋನ್ ಸುಮ್ಮನಿದೆ ಅಂದರೆ ಆನೆ ಇಲ್ಲ ಅಂತ ಅರ್ಥ ಅಲ್ಲ. ಮನೆಯವರಿಗೂ, ತೋಟದ ಲೆಕ್ಕ ಬರೆಯುವ ರೈಟರಿಗೂ, ಮೇಸ್ತ್ರಿಗೂ ಇದನ್ನು ಮೊದಲೇ ಹೇಳಿಡಿ.

## ಬೇಕಾಗುವ ಸಾಮಾನು

ಒಂದು ಹಳೆಯ ಆಂಡ್ರಾಯ್ಡ್ ಫೋನ್. ಸ್ಕ್ರೀನ್ ಒಡೆದಿದ್ದರೂ ಪರವಾಗಿಲ್ಲ, ಸ್ಪೀಕರ್ ಚೆನ್ನಾಗಿರಬೇಕು. ವಾಟ್ಸಾಪ್ ಇನ್ನೂ ಓಡುವಷ್ಟು ಹೊಸದಾಗಿರಬೇಕು. ಅದಕ್ಕೊಂದು ಬೇರೆ ಸಿಮ್, ಒಂದು ಚಾರ್ಜರ್. ಮ್ಯಾಕ್ರೋಡ್ರಾಯ್ಡ್ ಅನ್ನುವ ಆಪ್, ಪ್ಲೇ ಸ್ಟೋರ್‌ನಿಂದಲೇ. ಉಚಿತ ಆವೃತ್ತಿಯಲ್ಲಿ ಮ್ಯಾಕ್ರೋಗಳ, ಅಂದರೆ "ಹೀಗಾದರೆ ಹೀಗೆ ಮಾಡು" ಅಂತ ನಾವು ಹೇಳಿಕೊಡುವ ಆದೇಶಗಳ, ಸಂಖ್ಯೆಗೆ ಮಿತಿ ಇದೆ, ಜಾಹೀರಾತೂ ಬರುತ್ತದೆ. ನಮಗೆ ಬೇಕಿರುವುದು ಒಂದೆರಡು ಮ್ಯಾಕ್ರೋ ಅಷ್ಟೆ.

ಪರೀಕ್ಷೆ ಮಾಡಲು ಇನ್ನೊಬ್ಬರ ಫೋನ್ ಕೂಡ ಬೇಕು. ಇದನ್ನು ಮರೆತವರೇ ಜಾಸ್ತಿ. ಏಕೆ ಬೇಕು ಅನ್ನುವುದು ಆರನೇ ಹಂತದಲ್ಲಿ ಬರುತ್ತದೆ.

## 1. ಫೋನನ್ನು ಗುಂಪಿಗೆ ಸೇರಿಸಿ

ಎರಡು ದಾರಿ ಇದೆ. ಹೊಸ ಸಿಮ್ ನಂಬರಿನಲ್ಲಿ ವಾಟ್ಸಾಪ್ ತೆರೆದು ಆ ನಂಬರನ್ನು ಗುಂಪಿಗೆ ಸೇರಿಸುವುದು ಒಂದು. ನಿಮ್ಮ ಈಗಿನ ವಾಟ್ಸಾಪನ್ನೇ ಲಿಂಕ್ಡ್ ಡಿವೈಸ್ ಆಗಿ ಹಳೆಯ ಫೋನ್‌ಗೂ ಜೋಡಿಸುವುದು ಇನ್ನೊಂದು. ಒಂದು ಖಾತೆಗೆ ಹೀಗೆ ನಾಲ್ಕು ಸಾಧನ ಜೋಡಿಸಬಹುದು.

ನಾನು ಹೇಳುವುದು ಬೇರೆ ನಂಬರ್. ಮುಂದಿನ ಹಂತದಲ್ಲಿ ಒಂದು ಆಪ್‌ಗೆ ಈ ಫೋನಿನ ಎಲ್ಲ ನೋಟಿಫಿಕೇಷನ್ ಓದುವ ಅಧಿಕಾರ ಕೊಡುತ್ತೇವೆ. ಬ್ಯಾಂಕಿನ ಒಟಿಪಿ, ಮನೆಯವರ ಮಾತು ಎಲ್ಲ ಅದೇ ಫೋನ್‌ಗೆ ಬರುವುದು ಬೇಡ, ಅಲ್ವಾ? ಲಿಂಕ್ ಮಾಡುವುದರಲ್ಲಿ ಇನ್ನೊಂದು ತೊಡಕೂ ಇದೆ. ಮುಖ್ಯ ಫೋನ್‌ನಲ್ಲಿ 14 ದಿನ ವಾಟ್ಸಾಪ್ ಬಳಸದಿದ್ದರೆ ಲಿಂಕ್ ಮಾಡಿದ ಫೋನ್ ತಾನಾಗಿಯೇ ಹೊರಬೀಳುತ್ತದೆ.

ಹೊಸ ನಂಬರ್ ಸೇರಿಸುವಾಗ ಗುಂಪಿನ ಅಡ್ಮಿನ್‌ಗೆ ಯಾಕೆ ಅಂತ ಹೇಳಿಯೇ ಸೇರಿಸಿ. ಗುಂಪಿನಲ್ಲಿ 1024 ಜನಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ಗುಂಪು ತುಂಬಿದ್ದರೆ ಮನೆಯವರ ನಂಬರ್ ಒಂದನ್ನು ತೆಗೆಸಿ ಜಾಗ ಮಾಡಿಕೊಳ್ಳಬೇಕಾದೀತು.

ಸೇರಿದ ಮೇಲೆ ಮೂರು ವಿಷಯ ನೋಡಿ. ಗುಂಪನ್ನು ಮ್ಯೂಟ್ ಮಾಡಬೇಡಿ. ಆರ್ಕೈವ್ ಮಾಡಬೇಡಿ. ಆ ಫೋನ್‌ನಲ್ಲಿ ಗುಂಪನ್ನು ತೆರೆದು ಹಾಗೇ ಇಡಬೇಡಿ, ಏಕೆಂದರೆ ಚಾಟ್ ತೆರೆದಿದ್ದಾಗ ಅದರ ನೋಟಿಫಿಕೇಷನ್ ಬರುವುದಿಲ್ಲ. ನೋಟಿಫಿಕೇಷನ್ ಬರದಿದ್ದರೆ ನಮ್ಮ ಆಪ್‌ಗೆ ಏನೂ ಕಾಣುವುದಿಲ್ಲ. ಟಿಂಗ್ ಟಿಂಗ್ ಸದ್ದು ಬೇಡ ಅಂದರೆ ಗುಂಪಿನ ನೋಟಿಫಿಕೇಷನ್ ಸೆಟ್ಟಿಂಗ್‌ನಲ್ಲಿ ಟೋನ್ ಮಾತ್ರ ತೆಗೆಯಿರಿ.

## 2. ಆಪ್‌ಗೆ ಅನುಮತಿ ಕೊಡಿ, ನಿದ್ದೆ ಬಿಡಿಸಿ

ಮ್ಯಾಕ್ರೋಡ್ರಾಯ್ಡ್ ಹಾಕಿ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಷನ್ ಆಕ್ಸೆಸ್ ಹುಡುಕಿ, ಅಲ್ಲಿ ಆನ್ ಮಾಡಿ. ಪ್ಲೇ ಸ್ಟೋರ್ ಬಿಟ್ಟು ಬೇರೆ ಕಡೆಯಿಂದ ಇಳಿಸಿದ ಆಪ್‌ಗಳಿಗೆ ಆಂಡ್ರಾಯ್ಡ್ 13 ಮತ್ತು ಅದರ ನಂತರದ ಆವೃತ್ತಿಗಳು ಈ ಅನುಮತಿಯನ್ನು ತಡೆಯುತ್ತವೆ. ಸ್ವಿಚ್ ಮಬ್ಬಾಗಿ ಕಂಡರೆ ಕಾರಣ ಅದೇ ಇರಬಹುದು.

ಆಮೇಲೆ ಬ್ಯಾಟರಿ. ಮ್ಯಾಕ್ರೋಡ್ರಾಯ್ಡ್‌ಗೂ ವಾಟ್ಸಾಪ್‌ಗೂ, ಎರಡಕ್ಕೂ ಬ್ಯಾಟರಿ ಮಿತಿ ತೆಗೆದುಹಾಕಿ. ಶಿಯೋಮಿ, ವಿವೊ, ಒಪ್ಪೊ, ರಿಯಲ್‌ಮಿ ಫೋನ್‌ಗಳಲ್ಲಿ ಆಟೋಸ್ಟಾರ್ಟ್ ಅಂತ ಬೇರೆಯದೇ ಒಂದು ಸ್ವಿಚ್ ಇರುತ್ತದೆ, ಅದನ್ನೂ ಆನ್ ಮಾಡಿ. ಹಗಲು ಕೆಲಸ ಮಾಡಿ ರಾತ್ರಿ ಸುಮ್ಮನಾಗುವ ಫೋನ್‌ಗಳ ಕಥೆ ಹೆಚ್ಚಾಗಿ ಇಲ್ಲೇ ಇರುತ್ತದೆ. ಸ್ಕ್ರೀನ್ ಆರಿ ಸ್ವಲ್ಪ ಹೊತ್ತಾದ ಮೇಲೆ ಫೋನೇ ಆಪನ್ನು ಮಲಗಿಸಿಬಿಡುತ್ತದೆ.

ಕೊನೆಗೆ ಧ್ವನಿ. ಸೆಟ್ಟಿಂಗ್ಸ್‌ನ ಟೆಕ್ಸ್ಟ್ ಟು ಸ್ಪೀಚ್ ವಿಭಾಗದಲ್ಲಿ ಗೂಗಲ್‌ನ ಎಂಜಿನ್ ಆರಿಸಿ, ಕನ್ನಡ ಧ್ವನಿಯನ್ನು ಡೌನ್‌ಲೋಡ್ ಮಾಡಿಡಿ. ಮ್ಯಾಕ್ರೋಡ್ರಾಯ್ಡ್ ಒಳಗಿನ ಧ್ವನಿಯ ಭಾಷೆಯೂ ಕನ್ನಡ ಇರಲಿ. ಇಂಗ್ಲಿಷ್ ಇದ್ದರೆ ಕನ್ನಡ ಸಾಲು ಬಂದಾಗ ಫೋನ್ ಏನೂ ಓದದೆ ಸುಮ್ಮನಿರಬಹುದು.

## 3. ಪದಗಳ ಪಟ್ಟಿ ಮಾಡಿ

ಇಲ್ಲಿ ಆತುರ ಬೇಡ. ಆಪ್ ತೆರೆಯುವುದಕ್ಕೆ ಮೊದಲು ಕಾಗದ ಪೆನ್ನು ಹಿಡಿದು ಕೂರಿ. ಗುಂಪುಗಳ ಹಳೆಯ ಮೆಸೇಜ್‌ಗಳನ್ನು ಒಂದು ತಿಂಗಳಷ್ಟು ಹಿಂದಕ್ಕೆ ಓದಿ. ಜನ ಆನೆ ಬಗ್ಗೆ ನಿಜವಾಗಿ ಹೇಗೆ ಬರೆಯುತ್ತಾರೆ ಅಂತ ನೋಡಿ.

"ಆನೆ" ಒಂದೇ ಸಾಲದು. ಎಲ್ಲರೂ ಮೊದಲು ಹಾಕುವ ಪದ ಇದು. ಆದರೆ "ಕಾಡಾನೆ" ಅನ್ನುವ ಪದದೊಳಗೆ ಫೋನ್‌ಗೆ "ಆನೆ" ಕಾಣುವುದಿಲ್ಲ. ನಮ್ಮ ಕಿವಿಗೆ ಕೇಳುತ್ತದೆ, ನಿಜ. ಫೋನ್ ನೋಡುವುದು ಅಕ್ಷರಗಳ ಕೋಡ್ ಮಾತ್ರ. ಸ್ವತಂತ್ರ "ಆ" ಅಕ್ಷರಕ್ಕೆ ಒಂದು ಕೋಡ್, "ಡಾ" ಒಳಗಿನ ದೀರ್ಘಕ್ಕೆ ಇನ್ನೊಂದು ಕೋಡ್. ಸಂಧಿ ಆದ ಕೂಡಲೇ ಪದ ಫೋನ್‌ನ ಕಣ್ಣಿಗೆ ಬೇರೆಯದಾಗುತ್ತದೆ. ಹಾಗಾಗಿ ಕಾಡಾನೆ, ಒಂಟಿಯಾನೆ, ಮರಿಯಾನೆ, ಹೆಣ್ಣಾನೆ, ಗಂಡಾನೆ ಇವೆಲ್ಲ ಬೇರೆ ಬೇರೆಯಾಗಿಯೇ ಪಟ್ಟಿಗೆ ಬರಬೇಕು.

ಬಾಲ ಮಾತ್ರ ಹಿಡಿಯುವ ಜಾಣತನ ಬೇಡ. ಎಲ್ಲದರಲ್ಲೂ ಇರುವ "ಾನೆ" ಭಾಗ ಒಂದನ್ನೇ ಹಾಕಿದರೆ ಮುಗೀತಲ್ಲ ಅನ್ನಿಸುತ್ತದೆ. ಹಾಕಿದರೆ "ಬರ್ತಾನೆ", "ಇದ್ದಾನೆ", "ಹೋಗಿದ್ದಾನೆ" ಎಲ್ಲಕ್ಕೂ ಫೋನ್ ಕೂಗುತ್ತದೆ. "ಯಾನೆ" ಹಾಕಿದರೆ ಜಮೀನಿನ ನೋಟಿಸಿನಲ್ಲಿ ಬರುವ "ನಂಜೇಗೌಡ ಯಾನೆ ನಂಜಪ್ಪ" ಕೂಡ ಆನೆಯಾಗುತ್ತಾನೆ.

ಕೊನೆಯ ಸ್ವರ ಕತ್ತರಿಸಿ. ಕನ್ನಡದಲ್ಲಿ ವಿಭಕ್ತಿ ಸೇರಿದಾಗ ಪದದ ತುದಿ ಬದಲಾಗುತ್ತದೆ. "ಹೆತ್ತೂರು" ಅಂತ ಹಾಕಿದರೆ "ಹೆತ್ತೂರಿನಲ್ಲಿ" ಸಿಗುವುದಿಲ್ಲ. "ಹೆತ್ತೂರ" ಅಂತ ಹಾಕಿ. ಆಗ ಹೆತ್ತೂರು, ಹೆತ್ತೂರಿನ, ಹೆತ್ತೂರಿಂದ ಮೂರೂ ಸಿಗುತ್ತವೆ. ಹಾಗೆಯೇ "ಬಿಕ್ಕೋಡ", "ಯಸಳೂರ". "ಸಲಗ" ಹೇಗಿದೆಯೋ ಹಾಗೇ ಸಾಕು, ಅದರಲ್ಲಿ ಸಲಗದ, ಸಲಗವು, ಒಂಟಿಸಲಗ ಎಲ್ಲ ಬಂತು. ಎಕಾರದಲ್ಲಿ ಮುಗಿಯುವ "ಕಾಡಾನೆ"ಯಂಥ ಪದಗಳಿಗೆ ಈ ತಾಪತ್ರಯ ಇಲ್ಲ. ಕಾಡಾನೆಯ, ಕಾಡಾನೆಗಳು ಎಲ್ಲದರಲ್ಲೂ ಮೂಲ ಪದ ಹಾಗೇ ಉಳಿದಿರುತ್ತದೆ.

ಊರ ಹೆಸರಿನ ಎರಡೂ ಕಾಗುಣಿತ ಸೇರಿಸಿ. ಅರೇಹಳ್ಳಿ ಅಂತ ಒಬ್ಬರು, ಅರೆಹಳ್ಳಿ ಅಂತ ಇನ್ನೊಬ್ಬರು. ಬಾಳ್ಳುಪೇಟೆ, ಬಾಳುಪೇಟೆ. ಆಲೂರು ತಾಲ್ಲೂಕಿನ ಪಾಳ್ಯದವರಿಗೆ ಇನ್ನೊಂದು ಕಷ್ಟ: ಪಾಳ್ಯ ಅನ್ನುವುದು ಎಷ್ಟೋ ಊರ ಹೆಸರಿನ ಬಾಲದಲ್ಲೇ ಇದೆ. ಅಂಥವರು ಹತ್ತಿರದ ದೇವಸ್ಥಾನ, ಕೆರೆ ಅಥವಾ ಎಸ್ಟೇಟಿನ ಹೆಸರು ಹಾಕುವುದು ಒಳ್ಳೆಯದು. ಜನ ಮೆಸೇಜ್‌ನಲ್ಲಿ ಬರೆಯುವುದೂ ಹೆಚ್ಚಾಗಿ ಅದನ್ನೇ.

ಆನೆಗಳಿಗೂ ಹೆಸರಿದೆ. ನಮ್ಮ ಕಡೆ ಎಷ್ಟೋ ಮೆಸೇಜ್‌ಗಳಲ್ಲಿ ಆನೆ ಅನ್ನುವ ಪದವೇ ಇರುವುದಿಲ್ಲ. "ಭೀಮ ರಸ್ತೆ ದಾಟವ್ನೆ" ಅಂದರೆ ಎಲ್ಲರಿಗೂ ಅರ್ಥ ಆಗುತ್ತದೆ, ಫೋನ್‌ಗೆ ಆಗುವುದಿಲ್ಲ. ಬೀಟಮ್ಮ, ಭುವನೇಶ್ವರಿ ಹೆಸರಿನ ಆನೆ ಹಿಂಡುಗಳ ಸುದ್ದಿಯೂ ಹೀಗೇ ಬರುತ್ತದೆ. "ಬೀಟಮ್ಮ" ಧೈರ್ಯವಾಗಿ ಹಾಕಿ. "ಭುವನೇಶ್ವರಿ" ಹಾಕಿದರೆ ನವೆಂಬರ್ 1ರಂದು ಫೋನ್‌ಗೆ ಬಿಡುವಿರುವುದಿಲ್ಲ. "ಭೀಮ" ಅಂತ ಬರೀ ಹಾಕಿದರೆ ಗುಂಪಿನಲ್ಲಿರುವ ಭೀಮಣ್ಣ ಶುಭೋದಯ ಕಳಿಸಿದಾಗಲೂ ಕೂಗುತ್ತದೆ, ಏಕೆಂದರೆ ಕಳಿಸಿದವರ ಹೆಸರೂ ನೋಟಿಫಿಕೇಷನ್‌ನಲ್ಲಿ ಇರುತ್ತದೆ. ಇಂಥ ಹೆಸರನ್ನು ಒಂದು ಕ್ರಿಯೆಯ ಜೊತೆ ಹಾಕಿ: "ಭೀಮ ಬಂದ", "ಭೀಮ ರಸ್ತೆ", "ಭೀಮ ದಾಟ".

ಬಿಡಬೇಕಾದ ಪದಗಳು. "ಗಜ" ಬೇಡ, ಗಜಾನನನೂ ಬರುತ್ತಾನೆ, ಬಟ್ಟೆಯ ಅಳತೆಯೂ ಬರುತ್ತದೆ. "ಗುಂಪು" ಬೇಡ, "ಗುಂಪಿನ ಸದಸ್ಯರ ಗಮನಕ್ಕೆ" ಅನ್ನದ ಅಡ್ಮಿನ್ ಎಲ್ಲಿದ್ದಾರೆ? "ಹಿಂಡು" ಕೂಡ ಅಷ್ಟಕ್ಕಷ್ಟೆ.

ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವವರನ್ನೂ ಮರೆಯಬೇಡಿ. ಎಲಿಫೆಂಟ್ ಅನ್ನುವುದನ್ನು ಸರಿ ಸ್ಪೆಲಿಂಗ್‌ನಲ್ಲೂ, ಎಫ್ ಹಾಕಿದ ತಪ್ಪು ಸ್ಪೆಲಿಂಗ್‌ನಲ್ಲೂ ಸೇರಿಸಿ. ಕಾಡಾನೆ ಅನ್ನುವುದಕ್ಕೂ ನಿಮ್ಮ ಗುಂಪಿನಲ್ಲಿ ಕಂಡ ಎರಡು ಮೂರು ಸ್ಪೆಲಿಂಗ್ ಹಾಕಿ. ಬರೀ ಆನೆಯನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಹಾಕಬೇಡಿ. "ಬರ್ತಾನೆ"ಯ ಗೋಳು ಅಲ್ಲೂ ತಪ್ಪಿದ್ದಲ್ಲ.

ಪಟ್ಟಿ ಮುಗಿದ ಮೇಲೆ ಒಂದು ಪದದೊಳಗೆ ಇನ್ನೊಂದು ಇದೆಯಾ ನೋಡಿ. "ಸಲಗ" ಇದ್ದ ಮೇಲೆ "ಒಂಟಿಸಲಗ" ಬೇಡ. ಎರಡೂ ಇದ್ದರೆ ಒಂದೇ ಮೆಸೇಜ್‌ಗೆ ಎರಡು ಸಲ ಕೂಗಬಹುದು. ಹತ್ತು ಹನ್ನೆರಡು ಪದ ಸಾಕು.

## 4. ಮ್ಯಾಕ್ರೋ ಕಟ್ಟಿ

ಆಪ್‌ನಲ್ಲಿ ಹೊಸ ಮ್ಯಾಕ್ರೋ ತೆರೆದರೆ ಮೂರು ಭಾಗ ಕಾಣುತ್ತದೆ. ಕೆಂಪು ಬಣ್ಣದ್ದು ಟ್ರಿಗ್ಗರ್, ಅಂದರೆ ಯಾವಾಗ. ನೀಲಿ ಬಣ್ಣದ್ದು ಆಕ್ಷನ್, ಅಂದರೆ ಏನು ಮಾಡಬೇಕು. ಹಸಿರು ಬಣ್ಣದ್ದು ಕನ್‌ಸ್ಟ್ರೈಂಟ್, ಅಂದರೆ ಯಾವ ಷರತ್ತಿನಲ್ಲಿ. ಮೆನುವಿನ ಹೆಸರುಗಳು ಆವೃತ್ತಿಯಿಂದ ಆವೃತ್ತಿಗೆ ಸ್ವಲ್ಪ ಆಚೀಚೆ ಆಗುತ್ತವೆ. ಗಾಬರಿ ಬೇಡ, ಅರ್ಥ ಹಿಡಿದು ಹುಡುಕಿ.

ಟ್ರಿಗ್ಗರ್‌ನಲ್ಲಿ ನೋಟಿಫಿಕೇಷನ್ ಬಂದಾಗ ಅನ್ನುವುದನ್ನು ಆರಿಸಿ. ಆಪ್‌ಗಳ ಪಟ್ಟಿಯಲ್ಲಿ ವಾಟ್ಸಾಪ್ ಒಂದಕ್ಕೇ ಟಿಕ್ ಹಾಕಿ. ಪಠ್ಯದ ಆಯ್ಕೆಯಲ್ಲಿ "ಒಳಗೊಂಡಿದ್ದರೆ" ಅನ್ನುವ ಅರ್ಥದ್ದನ್ನು ಆರಿಸಿ ಮೊದಲ ಪದ ಹಾಕಿ. "ಪೂರ್ತಿ ಹೊಂದಿದರೆ" ಅನ್ನುವುದನ್ನು ಆರಿಸಿದರೆ ಮೆಸೇಜ್‌ನಲ್ಲಿ ಆ ಪದ ಬಿಟ್ಟು ಬೇರೇನೂ ಇರಬಾರದು. ಬಾಯಿ ಬಿಡದ ಫೋನ್‌ಗಳಿಗೆ ಇದೂ ಒಂದು ಕಾರಣ.

ಪದವನ್ನು ಕೈಯಲ್ಲಿ ಟೈಪ್ ಮಾಡಬೇಡಿ. ಗುಂಪಿನ ಹಳೆಯ ಮೆಸೇಜ್‌ನಿಂದ ಕಾಪಿ ಮಾಡಿ ತನ್ನಿ. ಕೆಲವು ಕೀಬೋರ್ಡ್‌ಗಳು ಕನ್ನಡ ಅಕ್ಷರಗಳ ಮಧ್ಯೆ ಕಣ್ಣಿಗೆ ಕಾಣದ ಕೋಡ್ ಸೇರಿಸುತ್ತವೆ. ನೋಡಲು ಒಂದೇ ಥರ ಇರುವ ಎರಡು ಪದ ಫೋನ್‌ಗೆ ಬೇರೆ ಬೇರೆ ಆಗಿರಬಹುದು.

ಎರಡನೇ ಪದಕ್ಕೆ ಅದೇ ಮ್ಯಾಕ್ರೋದಲ್ಲಿ ಇನ್ನೊಂದು ಟ್ರಿಗ್ಗರ್ ಸೇರಿಸಿ. ಒಂದು ಮ್ಯಾಕ್ರೋದಲ್ಲಿ ಎಷ್ಟು ಟ್ರಿಗ್ಗರ್ ಇದ್ದರೂ ಯಾವುದಾದರೂ ಒಂದು ಹೊಂದಿದರೆ ಸಾಕು. ಹನ್ನೆರಡು ಪದಕ್ಕೆ ಹನ್ನೆರಡು ಮ್ಯಾಕ್ರೋ ಮಾಡಲು ಹೋಗಿ ಉಚಿತ ಮಿತಿ ಮುಗಿಸಿಕೊಳ್ಳಬೇಡಿ. ರೆಜೆಕ್ಸ್ (ಹಲವು ಪದಗಳನ್ನು ಒಂದೇ ಸೂತ್ರದಲ್ಲಿ ಹುಡುಕುವ ಬರಹ) ಗೊತ್ತಿರುವವರು ಎಲ್ಲವನ್ನೂ ಒಂದೇ ಸಾಲಿನಲ್ಲಿ ಹಾಕಬಹುದು. ಆದರೆ ಕೆಟ್ಟಾಗ ಮನೆಯವರು ಸರಿಮಾಡಲು ಆಗಬೇಕು ಅಂದರೆ ಬಿಡಿ ಟ್ರಿಗ್ಗರ್‌ಗಳೇ ವಾಸಿ.

ಆಕ್ಷನ್‌ಗಳನ್ನು ಈ ಕ್ರಮದಲ್ಲೇ ಹಾಕಿ. ಮೊದಲು ವಾಲ್ಯೂಮ್ ಏರಿಸುವುದು. ಎರಡನೆಯದು ಮೆಸೇಜ್ ಓದುವುದು: ಸ್ಪೀಕ್ ಟೆಕ್ಸ್ಟ್ ಆರಿಸಿ, ಪಠ್ಯದ ಜಾಗದಲ್ಲಿ ಮ್ಯಾಜಿಕ್ ಟೆಕ್ಸ್ಟ್ ಬಟನ್ ಒತ್ತಿ ನೋಟಿಫಿಕೇಷನ್‌ನ ಪಠ್ಯ ಅನ್ನುವುದನ್ನು ಸೇರಿಸಿ. ಮೂರನೆಯದು ಫೈಲ್‌ಗೆ ಬರೆಯುವುದು, ದಿನಾಂಕ ಸಮಯದ ಜೊತೆ. ಕೊನೆಯದು ವಾಟ್ಸಾಪ್‌ನ ನೋಟಿಫಿಕೇಷನ್‌ಗಳನ್ನು ಅಳಿಸುವುದು. ಅಳಿಸದೆ ಬಿಟ್ಟರೆ ಮೆಸೇಜ್‌ಗಳು ರಾಶಿ ಬಿದ್ದು, "ಇಷ್ಟು ಚಾಟ್‌ಗಳಿಂದ ಇಷ್ಟು ಮೆಸೇಜ್" ಅನ್ನುವ ಬರೀ ಲೆಕ್ಕದ ಸಾಲು ಕಾಣತೊಡಗುತ್ತದೆ. ಇಲ್ಲವೇ ಅದೇ ಹಳೆ ಸುದ್ದಿಯನ್ನು ಮತ್ತೆ ಮತ್ತೆ ಓದುತ್ತದೆ. ಓದುವ ಮೊದಲೇ ಅಳಿಸುವ ಆಕ್ಷನ್ ಇಡಬೇಡಿ.

ಬಂದ ಸುದ್ದಿಯನ್ನು ತಾನಾಗಿಯೇ ಬೇರೆ ಗುಂಪಿಗೆ ಫಾರ್ವರ್ಡ್ ಮಾಡುವ ಆಕ್ಷನ್ ಮಾತ್ರ ಬೇಡವೇ ಬೇಡ. ಹಳೆಯ ವಿಡಿಯೊ, ಪೂರ್ತಿ ಗಾಳಿಸುದ್ದಿ ಎಲ್ಲ ನಿಮ್ಮ ಹೆಸರಿನಲ್ಲಿ ಊರು ಸುತ್ತುತ್ತದೆ.

## 5. ಊರಿನ ಜರಡಿ

ತಾಲ್ಲೂಕು ಮಟ್ಟದ ಗುಂಪಿನಲ್ಲಿ ಇದ್ದರೆ ಈ ಹಂತ ಬಿಡುವಂತಿಲ್ಲ. ಮೂವತ್ತು ಕಿಲೋಮೀಟರ್ ಆಚೆಯ ಆನೆಗೆ ರಾತ್ರಿ ಮೂರಕ್ಕೆ ಎದ್ದು ಕೂತರೆ ವಾರದಲ್ಲಿ ನೀವೇ ಫೋನ್ ಆಫ್ ಮಾಡುತ್ತೀರಿ.

ಆಕ್ಷನ್‌ಗಳಲ್ಲಿ ಇಫ್ ಕ್ಲಾಜ್, ಅಂದರೆ "ಹೀಗಿದ್ದರೆ ಮಾತ್ರ" ಅನ್ನುವ ಷರತ್ತು, ಸೇರಿಸಿ. ಅದರ ಷರತ್ತಿನಲ್ಲಿ ನೋಟಿಫಿಕೇಷನ್‌ನ ಪಠ್ಯವನ್ನು ಊರ ಹೆಸರಿನ ಜೊತೆ ಹೋಲಿಸಿ, ಹೆಸರಿನ ಎರಡೂ ಬದಿಗೆ ನಕ್ಷತ್ರ ಚಿಹ್ನೆ ಹಾಕಿ: *ಹೆತ್ತೂರ*. ನಕ್ಷತ್ರ ಅಂದರೆ ಅಲ್ಲಿ ಏನು ಬೇಕಾದರೂ ಇರಬಹುದು ಅಂತ. ಇದಕ್ಕೆ ವೈಲ್ಡ್‌ಕಾರ್ಡ್ ಅನ್ನುವ ಆಯ್ಕೆ ಕಂಡರೆ ಟಿಕ್ ಮಾಡಿ. ಸುತ್ತಲಿನ ನಾಲ್ಕೈದು ಊರುಗಳನ್ನು "ಅಥವಾ" ಸಂಬಂಧದಲ್ಲಿ ಸೇರಿಸಿ. "ಮತ್ತು" ಆಗಿಬಿಟ್ಟರೆ ಎಲ್ಲ ಊರುಗಳೂ ಒಂದೇ ಮೆಸೇಜ್‌ನಲ್ಲಿ ಬಂದರೆ ಮಾತ್ರ ಕೂಗುತ್ತದೆ, ಅಂದರೆ ಯಾವತ್ತೂ ಕೂಗುವುದಿಲ್ಲ. ವಾಲ್ಯೂಮ್ ಮತ್ತು ಓದುವ ಆಕ್ಷನ್ ಇದರ ಒಳಗೆ ಇರಲಿ. ಫೈಲ್‌ಗೆ ಬರೆಯುವುದು, ಅಳಿಸುವುದು ಹೊರಗೆ ಇರಲಿ. ಆಗ ದೂರದ ಸುದ್ದಿ ಸದ್ದಿಲ್ಲದೆ ದಾಖಲಾಗುತ್ತದೆ, ಹತ್ತಿರದ್ದು ಕೂಗುತ್ತದೆ.

ನಿಮ್ಮೂರಿನ ಸಣ್ಣ ಗುಂಪಿಗೆ ಮಾತ್ರ ಈ ಜರಡಿ ಹಾಕಬೇಡಿ. ಊರಿನವರು ಊರಿನ ಗುಂಪಿನಲ್ಲಿ ಊರ ಹೆಸರು ಬರೆಯುವುದಿಲ್ಲ, "ಕೆರೆ ಏರಿ ಮೇಲೆ" ಅಂತಷ್ಟೇ ಬರೆಯುತ್ತಾರೆ. ಗುಂಪಿನ ಹೆಸರು ನೋಟಿಫಿಕೇಷನ್‌ನ ತಲೆಬರಹದಲ್ಲಿ ಬರುತ್ತದೆ, ಅದನ್ನೂ ಇಫ್ ಕ್ಲಾಜ್‌ನಲ್ಲಿ ಇನ್ನೊಂದು "ಅಥವಾ" ಆಗಿ ಹಾಕಿ.

ತಲೆಬರಹದಿಂದ ಒಂದು ಅಪಾಯವೂ ಇದೆ. ಗುಂಪಿನ ಹೆಸರೇ "ಕಾಡಾನೆ ಮಾಹಿತಿ" ಆಗಿದ್ದರೆ ಅಲ್ಲಿ ಬರುವ ಪ್ರತಿ ಮೆಸೇಜ್‌ಗೂ ಟ್ರಿಗ್ಗರ್ ಹೊಂದಬಹುದು. ಹಾಗಾದರೆ ಆನೆ ಪದಗಳನ್ನೂ ಇಫ್ ಕ್ಲಾಜ್‌ನಲ್ಲೇ, ತಲೆಬರಹ ಬಿಟ್ಟು ಪಠ್ಯಕ್ಕೆ ಮಾತ್ರ ಹೋಲಿಸಿ.

ಬೇಡದ ಪದ ಇದ್ದರೆ ಬಿಟ್ಟುಬಿಡು ಅನ್ನುವ ಆಯ್ಕೆಯೂ ಇದೆ. ನಾನದನ್ನು ಬಳಸುವುದಿಲ್ಲ. "ಶುಭೋದಯ" ಇದ್ದರೆ ಬಿಡು ಅಂತ ಹಾಕಿದ ದಿನವೇ ಯಾರೋ "ಶುಭೋದಯ, ಲೈನ್ ಮನೆ ಹತ್ರ ಸಲಗ ಇದೆ" ಅಂತ ಬರೆದಿರುತ್ತಾರೆ. 2023ರ ಡಿಸೆಂಬರ್ 4ರಂದು ಯಸಳೂರು ವಲಯದ ಕಾರ್ಯಾಚರಣೆಯಲ್ಲಿ ಸತ್ತ ದಸರಾ ಆನೆ ಅರ್ಜುನನ ನೆನಪಿನ ಮೆಸೇಜ್‌ಗಳಿಗೂ ಫೋನ್ ಕೂಗುತ್ತದೆ. ಕೂಗಲಿ ಬಿಡಿ. "ಅರ್ಜುನ" ಇದ್ದರೆ ಬಿಡು ಅಂತ ಹಾಕಿ, ಅರ್ಜುನ ಅನ್ನುವ ಹುಡುಗನೊಬ್ಬ ಸುದ್ದಿ ಕಳಿಸಿದಾಗ ಅದು ಬಿಟ್ಟುಹೋಗಬಾರದು.

## 6. ಪರೀಕ್ಷೆ ಮಾಡಿ, ನಿಜವಾಗಿ

ಆಪ್‌ನಲ್ಲಿ ಆಕ್ಷನ್ ಪರೀಕ್ಷಿಸುವ ಬಟನ್ ಇದೆ. ಅದು ಕೂಗಿದರೆ ಸ್ಪೀಕರ್ ಸರಿ ಇದೆ ಅಂತ ಗೊತ್ತಾಯಿತು, ಅಷ್ಟೆ. ಟ್ರಿಗ್ಗರ್ ಕೆಲಸ ಮಾಡುತ್ತದೆ ಅಂತ ಅಲ್ಲ.

ಕಾವಲು ಫೋನ್‌ನಿಂದಲೇ ಮೆಸೇಜ್ ಕಳಿಸಿ ನೋಡುವುದೂ ದಂಡ. ನೀವು ಕಳಿಸಿದ್ದಕ್ಕೆ ನಿಮಗೇ ನೋಟಿಫಿಕೇಷನ್ ಬರುವುದಿಲ್ಲ. ಕಾವಲು ಫೋನ್ ಮತ್ತು ಇನ್ನೊಂದು ಫೋನ್ ಮಾತ್ರ ಇರುವ ಪರೀಕ್ಷಾ ಗುಂಪು ಮಾಡಿ. ಊರಿನ ಗುಂಪಿನಲ್ಲಿ "ಕಾಡಾನೆ ಬಂತು, ಇದು ಟೆಸ್ಟ್" ಅಂತ ಹಾಕಿ ಜನರನ್ನು ಗಾಬರಿ ಮಾಡಬೇಡಿ.

ಪಟ್ಟಿಯ ಪ್ರತಿ ಪದವನ್ನೂ ಒಂದು ಸಾಲಿನ ನಡುವೆ ಇಟ್ಟು ಕಳಿಸಿ. ವಿಭಕ್ತಿ ಸೇರಿಸಿ ಕಳಿಸಿ. ಮೂರ್ನಾಲ್ಕು ಸಾಲಿನ ಉದ್ದ ಮೆಸೇಜ್‌ನ ಕೊನೆಯಲ್ಲಿ ಇಟ್ಟು ಕಳಿಸಿ. ಆಮೇಲೆ ಕೂಗಬಾರದ್ದನ್ನೂ ಕಳಿಸಿ: "ನಾಳೆ ಬರ್ತಾನೆ", "ಗಜಾನನ ಸಮಿತಿ ಸಭೆ". ಇಷ್ಟಾದ ಮೇಲೆ ಫೋನ್ ಲಾಕ್ ಮಾಡಿ, ಒಂದು ರಾತ್ರಿ ಹಾಗೇ ಬಿಟ್ಟು, ಬೆಳಗಿನ ಜಾವ ಕಳಿಸಲು ಯಾರಿಗಾದರೂ ಹೇಳಿ. ಬೆಳಗಿನ ಜಾವದ ಪರೀಕ್ಷೆ ಪಾಸಾಗದ ಫೋನನ್ನು ನಂಬಬೇಡಿ. ಆಳುಗಳು ನಡೆದು ತೋಟಕ್ಕೆ ಬರುವುದೂ ಅದೇ ಹೊತ್ತಿನ ಆಸುಪಾಸು.

ವಾಯ್ಸ್ ಮೆಸೇಜ್, ಫೋಟೊ ಒಳಗಿನ ಬರಹ, ಪಿಡಿಎಫ್ ಇವು ಯಾವುವೂ ಈ ವ್ಯವಸ್ಥೆಗೆ ಸಿಗುವುದಿಲ್ಲ. ಆದರೆ ಆನೆ ಕಂಡವನು ಟೈಪ್ ಮಾಡುತ್ತಾ ನಿಲ್ಲುವುದಿಲ್ಲ, ಮೈಕ್ ಒತ್ತಿ ಮಾತಾಡುತ್ತಾನೆ. ಪರೀಕ್ಷಾ ಗುಂಪಿಗೆ ಒಂದು ವಾಯ್ಸ್ ಮೆಸೇಜ್ ಕಳಿಸಿಸಿ, ನೋಟಿಫಿಕೇಷನ್‌ನಲ್ಲಿ ಯಾವ ಪದ ಕಾಣುತ್ತದೆ ನೋಡಿ. ಅದೇ ಪದಕ್ಕೆ ಇನ್ನೊಂದು ಮ್ಯಾಕ್ರೋ ಮಾಡಿ, ಅದರಲ್ಲಿ ಒಂದು ಬೀಪ್ ಮಾತ್ರ ಇರಲಿ. ಬೀಪ್ ಬಂದರೆ ನೀವೇ ಎದ್ದು ಕೇಳಬೇಕು.

## 7. ಜಾಗ ಮತ್ತು ಕರೆಂಟ್

ಸಿಗ್ನಲ್ ಸಿಗುವ ಕಿಟಕಿ ಪಕ್ಕ ಇಡಿ, ಮಳೆ ಎರಚಲು ಬೀಳದಂತೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ವೈಫೈ ಹೋಗುತ್ತದೆ. ಹಾಗಾಗಿ ಸಿಮ್‌ನಲ್ಲಿ ಡೇಟಾ ಇರಲಿ. ಹಗಲೂ ರಾತ್ರಿ ಚಾರ್ಜರ್‌ನಲ್ಲೇ ಇರುವ ಹಳೆಯ ಫೋನಿನ ಬ್ಯಾಟರಿ ಊದಿಕೊಳ್ಳುವುದುಂಟು. ಹಿಂಬದಿ ಉಬ್ಬಿದ್ದು ಕಂಡರೆ ಆ ಕ್ಷಣವೇ ಚಾರ್ಜರ್ ತೆಗೆದು ಬ್ಯಾಟರಿ ಬದಲಿಸಿ. ಹಾಸಿಗೆ, ಗೋಣಿಚೀಲ, ಕಾಫಿ ಚೀಲದ ಮೇಲೆ ಇಡಬೇಡಿ.

## ಕೆಟ್ಟಿದೆ ಅನ್ನುವ ಲಕ್ಷಣಗಳು

ದಾಖಲೆಯ ಫೈಲ್ ವಾರಕ್ಕೊಮ್ಮೆ ತೆರೆದು ಗುಂಪಿನ ಜೊತೆ ತಾಳೆ ನೋಡಿ. ಗುಂಪಿನಲ್ಲಿ ಇದ್ದು ಫೈಲ್‌ನಲ್ಲಿ ಇಲ್ಲದ ಆನೆ ಸುದ್ದಿ ಸಿಕ್ಕರೆ, ಅದರಲ್ಲಿ ಯಾವ ಪದ ಬಳಸಿದ್ದಾರೆ ನೋಡಿ ಪಟ್ಟಿಗೆ ಸೇರಿಸಿ.

ಎರಡು ದಿನ ಫೈಲ್‌ಗೆ ಏನೂ ಬಂದಿಲ್ಲ, ಗುಂಪು ಮಾತ್ರ ಆನೆ ಸುದ್ದಿಯಿಂದ ಗಲಗಲ ಅನ್ನುತ್ತಿದೆ ಅಂದರೆ ಅನುಮತಿ ಬಿದ್ದುಹೋಗಿರಬಹುದು. ನೋಟಿಫಿಕೇಷನ್ ಆಕ್ಸೆಸ್ ಆಫ್ ಮಾಡಿ ಮತ್ತೆ ಆನ್ ಮಾಡಿ. ಫೋನ್ ಅಪ್‌ಡೇಟ್ ಆದ ಮೇಲೆ ಬ್ಯಾಟರಿ ಸೆಟ್ಟಿಂಗ್ ಒಮ್ಮೆ ನೋಡಲೇಬೇಕು.

ಹಗಲು ಸರಿ, ರಾತ್ರಿ ಮೌನ ಅಂದರೆ ಆಟೋಸ್ಟಾರ್ಟ್ ಅಥವಾ ಡು ನಾಟ್ ಡಿಸ್ಟರ್ಬ್. ಓದುವ ಧ್ವನಿಯನ್ನು ಅಲಾರಂ ವಾಲ್ಯೂಮ್‌ಗೆ ಬದಲಿಸಿ ನೋಡಿ.

ಹತ್ತಿರದ ಸುದ್ದಿ ಫೈಲ್‌ಗೆ ಬರುತ್ತದೆ ಆದರೆ ಫೋನ್ ಓದುವುದಿಲ್ಲ ಅಂದರೆ ಕನ್ನಡ ಧ್ವನಿ ಅಳಿದಿರಬಹುದು. ಒಂದೇ ಸುದ್ದಿ ಮೂರು ಸಲ ಓದಿದರೆ ಅಳಿಸುವ ಆಕ್ಷನ್ ಕೆಲಸ ಮಾಡುತ್ತಿಲ್ಲ, ಅಥವಾ ಮೂರು ಗುಂಪಿಗೂ ಒಬ್ಬರೇ ಹಾಕಿದ್ದಾರೆ.

ಫೋನ್ ಕೂಗಿದಾಗ ಮೊದಲು ಮೇಸ್ತ್ರಿಗೆ ಕರೆ ಮಾಡಿ ಆಳುಗಳನ್ನು ತಡೆಯಿರಿ. ಆಮೇಲೆ ಸುದ್ದಿ ಹಾಕಿದವರಿಗೆ ಕರೆ ಮಾಡಿ ಯಾವಾಗ, ಎಲ್ಲಿ ಅಂತ ಕೇಳಿ. ಅರಣ್ಯ ಇಲಾಖೆಯ ಸಹಾಯವಾಣಿ ಸಂಖ್ಯೆ 1926. ಅದನ್ನು ದೊಡ್ಡದಾಗಿ ಬರೆದು ಕಾವಲು ಫೋನ್ ಇಟ್ಟ ಗೋಡೆಗೇ ಅಂಟಿಸಿ.